ಹನುಮಕ್ಕನ ಮುದ್ದೆ, ಪರದೇಶದ ಹೊಟ್ಟೆ

ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆ ದಾಟಿ, ಎಡಕ್ಕೆ ಗಾಡಿಜಾಡಿನಲ್ಲಿ ಒಂದಷ್ಟು ದೂರ ನಡೆದರೆ ಸಿಗುತ್ತಿದ್ದ ಊರದು. ಆ ಊರಲ್ಲಿ ಹನುಮಕ್ಕನ ನಾಲಿಗೆಗೆ ಹೆದರದವರು ಅಂದರೆ ಅವಳ ಎರಡು ಎಮ್ಮೆಗಳು ಮಾತ್ರ. ಅವಕ್ಕೆ ಅಭ್ಯಾಸವಾಗಿ ಹೋಗಿತ್ತು. ಬೆಳಗಾದರೆ ಮೊಸರಿನ ಗಡಿಗೆ ತಲೆ ಮೇಲಿಟ್ಟುಕೊಂಡು, ಆಗ ತಾನೆ ಎದ್ದು ನಿಲ್ಲುತ್ತಿದ್ದ ರಾಜಾಜಿನಗರದ ಹೊಸ ಮನೆಗಳಿಗೆ ನಡೆದೇ ಹೋಗೋಳು. ಅಲ್ಲಿನ ಗುಮಾಸ್ತರ ಹೆಂಡಿರು "ಮೊಸರಿಗೆ ನೀರು ಹಾಕಿದ್ದೀಯೇನಮ್ಮ?" ಅಂತ ಕೇಳಿದರೆ, "ನೀರು ನಿಮ್ಮ ನಲ್ಲೀಲೇ ಬರಲ್ಲ, ನಮ್ಮ ಮೊಸರಿಗೆಲ್ಲಿಂದ ತರ್ಲಿ ತಾಯೀ?" ಅಂತ ಅವರ ಬಾಗಿಲಲ್ಲೇ ನಿಂತು ತಿರುಗಿಸಿ ಕೊಡೋಳು. ಐವತ್ತರ ಆಸುಪಾಸಿನ ವಯಸ್ಸು, ಕಡ್ಡಿಯಂಥ ಮೈ, ಆದರೆ ದನಿ ಮಾತ್ರ ಕೆರೆಯಾಚೆಗೂ ಕೇಳಬೇಕು.

ಕೆಂಗೇರಿ ಕಡೆಯ ಹೆಣ್ಣು ಅವಳು. ದೊಡ್ಡಹನುಮಯ್ಯನ ಕೈಹಿಡಿದು ಬಂದಾಗ ಇನ್ನೂ ಲಂಗ ಉಡೋ ವಯಸ್ಸು. ಮಕ್ಕಳಾಗಲಿಲ್ಲ. ಒಂದು ವರ್ಷ ಜ್ವರ ಬಂದು ಗಂಡ ಹೋದ. ಹೊಲ ಇತ್ತು, ಎಮ್ಮೆ ಇದ್ದವು, ಹೊಟ್ಟೆಬಟ್ಟೆಗೆ ಏನೂ ಕಡಿಮೆ ಇರಲಿಲ್ಲ. ಕಡಿಮೆ ಆದದ್ದು ಒಂದೇ: ಆ ಮನೆಯ ಬಾಗಿಲಿಗೆ ನೆಂಟರು ಬರೋದು ನಿಂತುಹೋಯಿತು. ಊರಲ್ಲಿ ಮದುವೆಯಾದರೆ ಗಂಡಿನ ಕಡೆಯವರನ್ನ ಇಳಿಸೋಕೆ ಒಂದೊಂದು ಮನೆಗೂ ನಾಲ್ಕು ನಾಲ್ಕು ಜನ ಅಂತ ಹಂಚುತ್ತಿದ್ದರು. ಹನುಮಕ್ಕನ ಮನೆ ಬಂದಾಗ ಹಂಚೋರ ಕಣ್ಣು ಪಕ್ಕದ ಮನೆಗೆ ಜಾರುತ್ತಿತ್ತು. ಗಂಡ ಸತ್ತವಳ ಮನೆ, ಶುಭಕ್ಕೆ ಬಂದವರನ್ನ ಅಲ್ಲಿ ಹೇಗೆ ಇಳಿಸೋದು? ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವಳೂ ಕೇಳುತ್ತಿರಲಿಲ್ಲ. ಹಿತ್ತಿಲಲ್ಲಿ ಕೂತು ಮದುವೆ ಮನೆಯ ರಾಶಿ ಅವರೆಕಾಯಿ ಸುಲಿದುಕೊಟ್ಟು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಬೈದುಕೊಂಡು ಮನೆಗೆ ಬರೋಳು.

ಆ ವರ್ಷ ಊರಿಗೊಂದು ಸ್ಕೂಲು ಕಟ್ಟಬೇಕು ಅಂತ ಆಯಿತು. ಅಲ್ಲಿವರೆಗೆ ಪಾಠ ನಡೀತಿದ್ದದ್ದು ಆಂಜನೇಯನ ಗುಡಿ ಮುಂದಿನ ಮಂಟಪದಲ್ಲಿ. ಮಳೆ ಬಂದರೆ ಮಕ್ಕಳು ಮನೆಗೆ, ಮೇಷ್ಟ್ರು ಕಾಫಿಗೆ. ಊರವರು ಕಲ್ಲುಮಣ್ಣು ಹೊರಬೇಕು, ಸರ್ಕಾರ ಹೆಂಚು ಕೊಡುತ್ತೆ, ಜೊತೆಗೆ ಯಾವುದೋ ಸೇವಾಸಂಘದ ಕಡೆಯಿಂದ ಪರದೇಶದ ಹುಡುಗನೊಬ್ಬ ಬಂದು ಕೂಲಿಯಿಲ್ಲದೆ ದುಡೀತಾನೆ ಅಂತ ಗ್ರಾಮಸೇವಕ ಚನ್ನಕೇಶವ ಸೈಕಲ್ಲನ್ನ ಗುಡಿ ಗೋಡೆಗೆ ಒರಗಿಸಿ ಹೇಳಿದ. ಕೂಲಿಯಿಲ್ಲದೆ ದುಡಿಯೋಕೆ ಹಡಗು ಹತ್ತಿ ಬರ್ತಾನಂತೆ! ಊರು ಅಷ್ಟು ಸುಲಭಕ್ಕೆ ನಂಬುತ್ತಾ? "ಅಲ್ಲೇನೋ ಕಿತಾಪತಿ ಮಾಡ್ಕೊಂಡು ತಪ್ಪಿಸ್ಕೊಂಡು ಬತ್ತಾವ್ನೆ," ಅಂತ ಹಿಂದಿನಿಂದ ಯಾರೋ ತೀರ್ಪು ಕೊಟ್ಟೇಬಿಟ್ಟರು.

"ಯಾವ ಜನ ಸ್ವಾಮೀ ಅವರು?" ಅಂತ ಕೇಳಿದ ತಿಮ್ಮಯ್ಯ. ಈತ ಊರಿನ ಯಜಮಾನ, ಹನುಮಕ್ಕನ ಗಂಡನ ದೊಡ್ಡಪ್ಪನ ಮಗ, ಅಂದರೆ ಅವಳಿಗೆ ಭಾವ.

"ಹಾಲೆಂಡ್ ಅಂತ ದೇಶ. ಅವರಪ್ಪ ಹಸು ಕಟ್ಕೊಂಡು ಬೇಸಾಯ ಮಾಡ್ತಾರಂತೆ."

"ಹಂಗಂದ್ರೆ ನಮ್ಮೋರೇ ಬಿಡಿ," ಅಂದ ತಿಮ್ಮಯ್ಯ. ಆ ವಿಚಾರ ಅಲ್ಲಿಗೆ ಮುಗಿಯಿತು.

ಮುಗಿಯದೇ ಇದ್ದದ್ದು ಹುಡುಗನನ್ನ ಎಲ್ಲಿ ಇಳಿಸೋದು ಅನ್ನೋದು. ತಿಮ್ಮಯ್ಯನ ಮನೆಯೇ ಅಂತ ಎಲ್ಲರೂ ಅಂದುಕೊಂಡಿದ್ದರು, ತಿಮ್ಮಯ್ಯನಂತೂ ಮೀಸೆ ಸವರಿಕೊಂಡೇ ಕೂತಿದ್ದ. ಆದರೆ ಪರವೂರಿನವನಾದ ಚನ್ನಕೇಶವನಿಗೆ ಇದೆಲ್ಲ ಏನು ಗೊತ್ತು? "ಯಾರ ಮನೇಲಿ ಒಂದು ಕೋಣೆ ಪೂರ್ತಿ ಖಾಲಿ ಇದೆ?" ಅಂತ ಕೇಳಿಬಿಟ್ಟ. ತಿಮ್ಮಯ್ಯನ ಮನೆಯಲ್ಲಿ ಮೂರು ಜನ ಸೊಸೆಯರು, ಲೆಕ್ಕವಿಲ್ಲದಷ್ಟು ಮೊಮ್ಮಕ್ಕಳು, ಅರ್ಧ ಮನೆ ದನ. ಎಲ್ಲರೂ ಮುಖ ಮುಖ ನೋಡಿಕೊಂಡರು. ಹೆಂಗಸರ ಗುಂಪಿನ ಕೊನೆಯಿಂದ ಒಂದು ದನಿ ಬಂತು: "ನಮ್ಮನೇಲೈತೆ."

ತಿಮ್ಮಯ್ಯ ಕೆಮ್ಮಿದ. ಅವನ ಹೆಂಡತಿ ಮುನಿಲಕ್ಷ್ಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಚನ್ನಕೇಶವ ಮಾತ್ರ ಖುಷಿಯಾಗಿ, "ಸರಿ ಹಾಗಾದ್ರೆ, ಹನುಮಕ್ಕನ ಮನೆ," ಅಂದುಬಿಟ್ಟ. ಸರ್ಕಾರದ ಮನುಷ್ಯ ಅಂದ ಮೇಲೆ ಎದುರಾಡೋದು ಹೇಗೆ? ತಿಮ್ಮಯ್ಯ ಯೋಚಿಸಿ ಯೋಚಿಸಿ, "ಒಂದು ವಾರ ನೋಡಾಣ. ಶನಿವಾರ ನೀವು ಬತ್ತೀರಲ್ಲ, ಹುಡುಗನಿಗೆ ಸರಿಹೋಗ್ಲಿಲ್ಲ ಅಂದ್ರೆ ನಮ್ಮನೆಗೆ ಕರ್ಕೊಂಡೋಗ್ತೀವಿ," ಅಂತ ಒಂದು ಗಂಟು ಹಾಕಿ ಇಟ್ಟ. ಹನುಮಕ್ಕ ಮನೆಗೆ ಹೋದವಳೇ ಕೋಣೆಗೆ ಸಗಣಿ ಸಾರಿಸಿದಳು, ಗೋಡೆಗೆ ಸುಣ್ಣ ಬಳಿದಳು, ಅಟ್ಟದ ಮೇಲಿನ ಕಂಚಿನ ತಟ್ಟೆ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದಳು. ಅಷ್ಟು ವರ್ಷಗಳ ಮೇಲೆ ಆ ಮನೆಗೆ ಅತಿಥಿ ಬರ್ತಿದ್ದಾನೆ. ಅವಳಿಗೆ ಆ ರಾತ್ರಿ ಸಂತೋಷಕ್ಕೆ ನಿದ್ದೆಯೇ ಬರಲಿಲ್ಲ.

ಹುಡುಗ ಭಾನುವಾರ ಬಂದ. ಇಪ್ಪತ್ತರ ವಯಸ್ಸು, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಬಿಸಿಲಿಗೆ ಟೊಮೇಟೊ ಆಗಿದ್ದ ಮುಖ. ಹೆಸರು ಹೆಂಕ್. ಊರಿಗೆ ಅದು ವೆಂಕ ಆಗೋಕೆ ಒಂದು ನಿಮಿಷ ಹಿಡಿಯಲಿಲ್ಲ, ಸಂಜೆ ಹೊತ್ತಿಗೆ ಮರ್ಯಾದೆಯೂ ಸೇರಿ ವೆಂಕಪ್ಪನಾಗಿದ್ದ. ಚನ್ನಕೇಶವ ಅವನಿಗೆ ನಮಸ್ಕಾರ, ನೀರು, ಸಾಕು ಅನ್ನೋ ಮೂರು ಮಾತು ಕಲಿಸಿ, "ಇಷ್ಟಿದ್ರೆ ಬದುಕ್ತೀಯ," ಅಂತ ಇಂಗ್ಲಿಷಿನಲ್ಲಿ ಧೈರ್ಯ ಹೇಳಿ, ಶನಿವಾರ ಬರ್ತೀನಿ ಅಂತ ಸೈಕಲ್ಲು ಹತ್ತಿ ಹೋದ.

ಆ ಸಂಜೆ ಹನುಮಕ್ಕ ಅವರೆಕಾಳಿನ ಸಾರು ಮಾಡಿ, ಹಿಟ್ಟು ತೊಳಸಿ, ಮಗುವಿನ ತಲೆಯಷ್ಟು ದೊಡ್ಡ ಮುದ್ದೆ ಕಟ್ಟಿ ತಟ್ಟೆಗಿಟ್ಟಳು. ಬಾಗಿಲಲ್ಲಿ ಅರ್ಧ ಊರು ನಿಂತಿತ್ತು. ವೆಂಕಪ್ಪ ಒಂದು ತುಂಡು ಮುರಿದು ಬಾಯಿಗಿಟ್ಟು ಅಗಿದ. ಅಗಿದ, ಅಗಿದ, ಅಗೀತಾನೇ ಇದ್ದ. "ಅಯ್ಯೋ, ನುಂಗಬೇಕು ಕಣಪ್ಪಾ!" ಅಂತ ಬಾಗಿಲಿನಿಂದ ನಾಲ್ಕು ಜನ ಕುತ್ತಿಗೆ ಮುಂದೆ ಚಾಚಿ ನುಂಗಿ ತೋರಿಸಿದರು. ನೋಡಿ ಕಲಿತ. ಮುದ್ದೆ ಪೂರ್ತಿ ಮುಗಿಸಿದ, ಸಾರು ಬೆರಳಲ್ಲಿ ಬಳಿದು ತಿಂದ, ತಟ್ಟೆ ತೊಳೆದಂತಾಯಿತು.

ಇಲ್ಲೇ ನೋಡಿ ಎಡವಟ್ಟಾದದ್ದು. ನಮ್ಮಲ್ಲಿ ಅತಿಥಿಯ ತಟ್ಟೆ ಖಾಲಿ ಕಂಡರೆ ಮನೆಯೊಡತಿಗೆ ಮೈಯೆಲ್ಲ ಮುಳ್ಳು. ಖಾಲಿ ತಟ್ಟೆ ಅಂದರೆ ಇನ್ನೂ ಹಸಿವಿದೆ ಅಂತ ಅರ್ಥ. ಹೊಟ್ಟೆ ತುಂಬಿದವನು ಒಂದು ತುಂಡು ಬಿಡ್ತಾನೆ. ಹನುಮಕ್ಕ ಇನ್ನೊಂದು ಮುದ್ದೆ ತಂದಳು. ಹುಡುಗ "ಸಾಕು" ಅಂದ. ಬಡಿಸುವಾಗ ಸಾಕು ಅನ್ನದ ನೆಂಟ ಯಾವನಿದ್ದಾನೆ? ಅದು ಮರ್ಯಾದೆಯ ಮಾತು, ಅದನ್ನ ನಂಬಿಕೊಂಡು ಕೈ ಹಿಂದೆ ತೆಗೆದರೆ ಆ ಮನೆಯನ್ನ ಮನೆ ಅಂತಾರಾ? ಇಟ್ಟಳು. ಅವನು ತಟ್ಟೆಯನ್ನೂ ಅವಳನ್ನೂ ನೋಡಿ, ಉಸಿರೆಳೆದುಕೊಂಡು, ಅದನ್ನೂ ಒಂದು ಚೂರು ಬಿಡದ ಹಾಗೆ ಮುಗಿಸಿದ. ಮತ್ತೆ ತಟ್ಟೆ ಖಾಲಿ. ಹನುಮಕ್ಕ ಮೂರನೇದು ಇಟ್ಟಳು. ಬಾಗಿಲಲ್ಲಿದ್ದವರಿಗಂತೂ ತೇರು ನೋಡಿದಷ್ಟು ಖುಷಿ. "ಇಂಥ ಉಣ್ಣೋ ಮಗನ್ನ ಹೆತ್ತೋಳು ಪುಣ್ಯವಂತೆ," ಅಂದರು. "ಆ ಮನೆ ರಾಗಿ ಉಳೀತಾ?" ಅಂತಲೂ ಅಂದರು.

ಸೋಮವಾರ ಬೆಳಗ್ಗೆ ಎರಡು ಮುದ್ದೆ ಉಣ್ಣಿಸಿ ಸ್ಕೂಲಿನ ಪಾಯ ತೋಡೋಕೆ ಕಳಿಸಿದಳು. ಹುಡುಗ ಹಾರೆ ಹಿಡಿದ ರಭಸ ನೋಡಿ ಊರಿನ ಗಂಡಸರು ತಮ್ಮ ಹಾರೆ ಕೆಳಗಿಟ್ಟು ನಿಂತು ನೋಡಿದರು, ಕೆಲಸ ತಪ್ಪಿಸಿಕೊಳ್ಳೋಕೆ ನೆವ ಬೇಕಿತ್ತಲ್ಲ. ಮಧ್ಯಾಹ್ನ ಹನುಮಕ್ಕ ಬುತ್ತಿ ಹೊತ್ತು ಅಲ್ಲಿಗೇ ಬಂದಳು. ಮೊಸರಿನ ವ್ಯಾಪಾರ ಆ ವಾರ ಬಂದ್. ಎಲ್ಲರ ಎದುರಿಗೆ ಬಡಿಸಬೇಕು, ಕೈ ಬಿಗಿಹಿಡಿದಳು ಅನ್ನಿಸಿಕೊಳ್ಳೋದುಂಟೇ? ಬಡಿಸಿದಳು. ಅವನು ಮುಗಿಸಿದ. ಬಡಿಸಿದಳು. ಅವನು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದ. ಬೆರಳ ಸಂದಿಯಲ್ಲಿ ಸಾರು ಬಿಟ್ಟಳು. ಊಟವಾದ ಮೇಲೆ ಅವನು ಹೊಂಗೆಮರದ ನೆರಳಿಗೆ ತೂರಾಡಿಕೊಂಡು ಹೋಗಿ ಅಂಗಾತ ಬಿದ್ದವನು, ಹೊತ್ತು ಇಳಿಯುವವರೆಗೂ ಏಳಲಿಲ್ಲ.

ಮರುದಿನವೂ ಅದೇ ಕಥೆ. ಊರು ತಲೆ ಕೆಡಿಸಿಕೊಂಡಿತು. ಬೆಳಗ್ಗೆ ಹುಲಿಯ ಹಾಗೆ ದುಡಿಯೋ ಹುಡುಗ ಮಧ್ಯಾಹ್ನದ ಮೇಲೆ ಯಾಕೆ ಹೀಗೆ ಸೋತು ಬೀಳ್ತಾನೆ? ತಿಮ್ಮಯ್ಯ ಮೀಸೆ ಸವರಿಕೊಂಡು ಕಾರಣ ಕಂಡುಹಿಡಿದ: "ಹೊಟ್ಟೆಗೆ ಸಾಲ್ತಿಲ್ಲ. ಅಷ್ಟುದ್ದ ಶರೀರ. ತಟ್ಟೆ ನೆಕ್ಕೋದು ನೋಡ್ಲಿಲ್ವಾ?"

ಈ ಮಾತು ಹನುಮಕ್ಕನ ಕಿವಿಗೆ ಬೀಳೋಕೆ ಎಷ್ಟು ಹೊತ್ತು ಬೇಕು? ಮುನಿಲಕ್ಷ್ಮಮ್ಮನೇ ಬಾವಿಕಟ್ಟೆಯಲ್ಲಿ ಮುಟ್ಟಿಸಿದಳು. "ನಾನೇನೂ ಅನ್ನಲ್ಲ ಕಣೇ ಹನುಮಕ್ಕ, ಒಂಟಿ ಹೆಂಗಸು, ನಿನ್ನ ಕೈಲಾದಷ್ಟು ಮಾಡ್ತಿದ್ದೀಯ. ನಮ್ಮನೇಲಾಗಿದ್ರೆ ಹಾಲು ತುಪ್ಪದಲ್ಲಿ ಕೈ ತೊಳೀತಿದ್ದ, ಅಷ್ಟೇ."

ಬೇರೆ ದಿನವಾಗಿದ್ದರೆ ಹನುಮಕ್ಕ ಬಿಂದಿಗೆ ಇಳಿಸಿ ಅವಳ ಏಳು ತಲೆಮಾರಿನ ತುಪ್ಪ ಇಳಿಸುತ್ತಿದ್ದಳು. ಆವತ್ತು ಬಿಂದಿಗೆ ಎತ್ತಿಕೊಂಡು ನೇರ ಮನೆ ಕಡೆ ನಡೆದಳು. ಕಳ್ಳಿ ಅಂದಿದ್ದರೂ ಸಹಿಸುತ್ತಿದ್ದಳೇನೋ. ಉಣ್ಣೋಕಿಕ್ಕದ ಮನೆ ಅಂದರಲ್ಲ! ಶನಿವಾರ ಹುಡುಗನ್ನ ಕರ್ಕೊಂಡು ಹೋದರೆ ಕೋಣೆ ಮತ್ತೆ ಖಾಲಿ, ಆ ಮಾತು ಮಾತ್ರ ಖಾಯಂ ಆಗಿ ಮನೇಲಿ ಕೂತುಬಿಡುತ್ತೆ. ಅವಳಿಗೆ ನಿಜವಾಗಲೂ ಹೆದರಿಕೆಯಾಯಿತು.

ಹೆದರಿದವಳು ಏನು ಮಾಡಿದಳು? ಇನ್ನೂ ಜಾಸ್ತಿ ಬಡಿಸಿದಳು. ಬುಧವಾರ ಹುಂಜ ಕೊಯ್ದು ಸಾರು ಮಾಡಿದಳು. ಅವನ ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು, ಹಣೆಯಲ್ಲಿ ಬೆವರು ಬರುತ್ತಿತ್ತು, ಆದರೂ ತಟ್ಟೆಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿಯಲಿಲ್ಲ. "ಇನ್ನೂ ಹಸಿವೇನಪ್ಪಾ ನಿನಗೆ? ಒಳಗೇನು ರಾಗಿ ತುಂಬೋ ಹಗೇವು ತೋಡ್ಕೊಂಡಿದ್ದೀಯಾ?" ಅಂತ ಬೈದುಕೊಂಡೇ ಇನ್ನೊಂದು ಮುದ್ದೆ ಇಟ್ಟಳು. ರಾಗಿ ಇನ್ನೂ ಬಡಿದಿರಲಿಲ್ಲ, ಕಣದಲ್ಲಿ ಮೆದೆ ಹಾಗೇ ಇತ್ತು. ಹಳೇ ರಾಗಿಯ ವಾಡೆಯೊಳಗೆ ಬಗ್ಗಿ ಮೊರ ಹಾಕಿದರೆ ತಳ ಕೆರೆದ ಸದ್ದು ಬರ್ತಿತ್ತು.

ಗುರುವಾರ ಹುಡುಗ ಇನ್ನೊಂದು ಉಪಾಯ ಹೂಡಿದ. ಕೋಳಿ ಕೂಗೋಕೆ ಮುಂಚೆಯೇ ಎದ್ದು, ಬೂಟು ಕೈಯಲ್ಲಿ ಹಿಡಿದುಕೊಂಡು, ಕಳ್ಳನ ಹಾಗೆ ಮನೆಯಿಂದ ಜಾರಿಕೊಂಡ. ಹನುಮಕ್ಕ ಎದ್ದು ನೋಡಿದರೆ ಕೋಣೆ ಖಾಲಿ. ಗಬಗಬ ಹಿಟ್ಟು ತೊಳಸಿ, ಬಿಸಿ ಮಡಿಕೆಯನ್ನೇ ತಲೆ ಮೇಲಿಟ್ಟುಕೊಂಡು ಓಡಿದಳು. ಮುಂದೆ ಹೊಲದ ಬದುವಿನ ಮೇಲೆ ಉದ್ದುದ್ದ ಕಾಲು ಹಾಕಿಕೊಂಡು ವೆಂಕಪ್ಪ, ಹಿಂದೆ "ನಿಂತ್ಕೊಳೋ! ಉಂಡು ಹೋಗೋ!" ಅಂತ ಕೂಗಿಕೊಂಡು ಹನುಮಕ್ಕ. ಹಲ್ಲುಜ್ಜುತ್ತಿದ್ದ ಊರು ಬೇವಿನ ಕಡ್ಡಿ ಬಾಯಲ್ಲೇ ಬಿಟ್ಟುಕೊಂಡು ನೋಡಿತು. ಪಾಯದ ಹತ್ತಿರ ಅವನನ್ನ ಹಿಡಿದು ಕೂರಿಸಿ ಉಣ್ಣಿಸಿದ್ದಾಯಿತು. ಊರಿಗೆ ಮಾತ್ರ ಕಂಡದ್ದು ಬೇರೆ: "ನೋಡಿದ್ರಾ, ಬರೀ ಹೊಟ್ಟೇಲಿ ಕಳಿಸಿಬಿಟ್ಟಿದ್ಲು, ನಾವು ನೋಡ್ತೀವಿ ಅಂತ ಹಿಂದೇನೇ ಓಡಿಬಂದ್ಲು."

ಶುಕ್ರವಾರ ಕಲ್ಲು ಹೊರುವಾಗ ಅವನು ಕಲ್ಲು ಸಮೇತ ಕುಸಿದು ಕೂತ, ಪಕ್ಕಕ್ಕೆ ತಿರುಗಿ ಉಂಡದ್ದೆಲ್ಲ ಕಕ್ಕಿದ. ತಿಮ್ಮಯ್ಯ ಓಡಿಬಂದು ತಲೆ ಹಿಡಿದುಕೊಂಡ. ಅವನೇನು ಕೆಟ್ಟವನಲ್ಲ, ನಿಜವಾಗಿಯೂ ಗಾಬರಿಯಾಗಿದ್ದ. ಬುತ್ತಿ ಹೊತ್ತು ಬಂದ ಹನುಮಕ್ಕನನ್ನ ನೋಡಿ, "ಸಾಕು ಕಣಮ್ಮ. ಪರದೇಶದೋರ ಮಗ, ಹೆಚ್ಚುಕಡಿಮೆ ಆದ್ರೆ ಊರಿಗೇ ಕೆಟ್ಟ ಹೆಸರು. ನಾಳೆ ನಮ್ಮನೆಗೆ ಬರ್ತಾನೆ," ಅಂದ. ಹನುಮಕ್ಕ ತಲೆ ತಗ್ಗಿಸಿ ಬುತ್ತಿ ವಾಪಸ್ಸು ಹೊತ್ತಳು. ದಾರಿಯಲ್ಲಿ ಯಾರನ್ನೂ ಬೈಯಲಿಲ್ಲ.

ಶನಿವಾರ ಚನ್ನಕೇಶವ ಬಂದ. ಮಂಟಪದಲ್ಲಿ ಊರು ಸೇರಿತು. ತಿಮ್ಮಯ್ಯ ವಿಷಯ ಹೇಳಿದ: ಹುಡುಗನಿಗೆ ಊಟ ಸಾಲ್ತಿಲ್ಲ, ನಿತ್ರಾಣವಾಗಿ ಬೀಳ್ತಾನೆ. ಚನ್ನಕೇಶವ ವೆಂಕಪ್ಪನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ. ವೆಂಕಪ್ಪನ ಬಾಯಿ ವಾರದ ಮೇಲೆ ತೆರೆಯಿತು ನೋಡಿ, ಕಟ್ಟೆ ಒಡೆದ ಹಾಗೆ ಮಾತು! ಹೊಟ್ಟೆ ಹಿಡಿದು ತೋರಿಸ್ತಾನೆ, ಕತ್ತಿನವರೆಗೆ ಕೈ ಎತ್ತಿ ತೋರಿಸ್ತಾನೆ. ಚನ್ನಕೇಶವ ಮೊದಲು ನಕ್ಕ. ಬಿದ್ದು ಬಿದ್ದು ನಕ್ಕ. ಆಮೇಲೆ ಹುಡುಗ ಇನ್ನೇನೋ ಹೇಳಿದ, ನಗು ನಿಂತಿತು.

"ಊಟ ಸಾಲ್ದೆ ಅಲ್ಲ ಯಜಮಾನ್ರೇ, ಜಾಸ್ತಿಯಾಗಿ ಬೀಳ್ತಿದ್ದಾನೆ," ಅಂದ ಚನ್ನಕೇಶವ. "ತಟ್ಟೆಗೆ ಹಾಕಿದ್ದನ್ನ ಬಿಡೋಕೆ ಇವನ ಕೈಲಿ ಆಗಲ್ವಂತೆ."

"ಯಾಕಂತೆ?"

"ಎರಡನೇ ಮಹಾಯುದ್ಧದ ಕಡೇ ವರ್ಷ ಇವನು ಸಣ್ಣ ಹುಡುಗ. ಶತ್ರುಗಳು ಊರಿಗೆ ದವಸ ಬರದ ಹಾಗೆ ಮಾಡಿಬಿಟ್ರಂತೆ. ಇವರಪ್ಪನ ಹಸುಗಳನ್ನೂ ಹೊಡ್ಕೊಂಡು ಹೋದ್ರಂತೆ. ಚಳಿಗಾಲ ಪೂರ್ತಿ ಗಡ್ಡೆ ಬೇಯಿಸ್ಕೊಂಡು ತಿಂದ್ರಂತೆ."

"ಗಡ್ಡೆ ಅಂದ್ರೆ, ಗೆಣಸಾ?" ಅಂತ ಹನುಮಕ್ಕ ಕೇಳಿದಳು. ಅಡುಗೆ ವಿಚಾರ ಬಂದರೆ ಅವಳ ಬಾಯಿ ಸುಮ್ಮನಿರದು.

"ಗೆಣಸಲ್ಲಮ್ಮ. ಹೂವಿನ ಗಿಡದ ಗಡ್ಡೆ. ನಮ್ಮ ಸುಗಂಧರಾಜದ್ದು ಇರುತ್ತಲ್ಲ, ಅಂಥದ್ದು."

"ಥೂ! ಅದನ್ನ ದನ ಮೂಸಲ್ಲ..." ಅಂದವಳು ಅರ್ಧಕ್ಕೇ ನಿಲ್ಲಿಸಿದಳು. ಹುಡುಗನ ಮುಖ ನೋಡಿದಳು. ವಾರವಿಡೀ ಅವನು ಖಾಲಿ ಮಾಡಿದ ಒಂದೊಂದು ತಟ್ಟೆಯೂ ಅವಳ ಕಣ್ಣ ಮುಂದೆ ಬಂತು.

ತಿಮ್ಮಯ್ಯ ಗಂಟಲು ಸರಿ ಮಾಡಿಕೊಂಡ. "ಅಷ್ಟೇ ತಾನೇ? ಹಂಗಾದ್ರೆ ಇನ್ನೂ ಸುಲಭ. ನಮ್ಮನೆಗೆ ಬರ್ಲಿ. ಒಂದೇ ಮುದ್ದೆ, ಮೇಲೊಂದು ತುಂಡೂ ಇಕ್ಕಲ್ಲ. ಇವತ್ತೇ ಮಧ್ಯಾಹ್ನ ತೋರಿಸ್ತೀನಿ, ಇಬ್ರೂ ಊಟಕ್ಕೆ ಬನ್ನಿ."

ಯಜಮಾನನ ಮಾತು, ಎಲ್ಲರೂ ಹೋದರು. ಹನುಮಕ್ಕನನ್ನ ಯಾರೂ ಕರೆಯಲಿಲ್ಲ, ಆದರೂ ಹಿತ್ತಿಲಿಂದ ಹೋಗಿ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಳು. ತಿಮ್ಮಯ್ಯ ಹೆಂಗಸರಿಗೆಲ್ಲ ಗದರಿಸಿ ಹೇಳಿದ್ದ: ಒಂದೇ ಮುದ್ದೆ. ಮುನಿಲಕ್ಷ್ಮಮ್ಮ ಒಂದೇ ಇಟ್ಟಳು. ವೆಂಕಪ್ಪ ಖುಷಿಯಾಗಿ ಉಂಡ. ತಟ್ಟೆ ಬಳಿದ. ಖಾಲಿಯಾಯಿತು.

ಕಂಚಿನ ತಟ್ಟೆ ಫಳಫಳ ಹೊಳೀತಿದೆ. ಮುನಿಲಕ್ಷ್ಮಮ್ಮ ಆ ಕಡೆ ನೋಡಿದಳು, ಸೂರು ನೋಡಿದಳು, ಮತ್ತೆ ಆ ಕಡೆಗೇ ನೋಡಿದಳು. "ಅರ್ಧ ಇಕ್ತೀನಿ ಅಷ್ಟೇ, ಖಾಲಿ ತಟ್ಟೆ ನೋಡೋಕಾಗಲ್ಲಪ್ಪ," ಅಂತ ಅರ್ಧ ಇಟ್ಟೇಬಿಟ್ಟಳು. ಅರ್ಧಕ್ಕೆ ಸಾರು ಬೇಡವೇ? ದೊಡ್ಡ ಸೊಸೆ ಸಾರು ಬಿಟ್ಟಳು. ಸಾರು ಮಿಕ್ಕಿತು ಅಂತ ಎರಡನೇ ಸೊಸೆ ಅನ್ನ ತಂದಳು. ಕಿರಿ ಸೊಸೆ ಸುಮ್ಮನಿದ್ದರೆ ಅತ್ತೆ ಏನಂದುಕೊಂಡಾಳು ಅಂತ ಮೊಸರು ಸುರಿದಳು. ಕೊನೆಗೆ ತಿಮ್ಮಯ್ಯನೇ ಮೈಮರೆತು, "ಹುಡುಗನಿಗೆ ತುಪ್ಪ ಹಾಕ್ರೇ, ನೋಡ್ತಾ ನಿಂತವ್ರೆ!" ಅಂತ ಕೂಗಿದ. ಕೂಗಿ, ನಾಲಿಗೆ ಕಚ್ಚಿಕೊಂಡ. ವೆಂಕಪ್ಪ ತಟ್ಟೆ ನೋಡಿಕೊಂಡು ಅಳೋ ಹಾಗೆ ಕೂತಿದ್ದ.

ಅಡುಗೆಮನೆ ಬಾಗಿಲಿಂದ ಹನುಮಕ್ಕ ಮಾತಾಡಿದಳು. ಭಾವನ ಎದುರು ತಲೆ ಮೇಲೆ ಸೆರಗಿತ್ತು, ದನಿ ಮಾತ್ರ ಕೆರೆಯಾಚೆಯದ್ದೇ. "ಭಾವ, ತಪ್ಪು ತಿಳ್ಕೋಬೇಡಿ. ನಿಮ್ಮನೇಲಿ ಬಡಿಸೋ ಕೈ ನಾಕು. ಒಂದನ್ನ ಹಿಡಿದ್ರೆ ಇನ್ನೊಂದು ಇಕ್ತದೆ. ಗಂಡಸರು ಉಂಡೇಳೋವರ್ಗೂ ನಿಮ್ಮನೆ ಹೆಂಗಸ್ರು ಕೂರಂಗಿಲ್ಲ, ಸುಮ್ನೆ ನಿಲ್ಲೋಕೂ ಅವರ ಕೈಲಾಗಲ್ಲ. ನಮ್ಮನೇಲಿರೋದು ಒಂದೇ ಕೈ. ನಾನು ಇವನ ಜೊತೇಲೇ ಉಣ್ಣೋಕೆ ಕೂತ್ಕೊತೀನಿ. ಕೈ ಎಂಜಲಾಯ್ತಾ, ಆಮೇಲೆ ಸೌಟು ಮುಟ್ಟಂಗಿಲ್ಲ. ಎಡಗೈಲಿ ಅತಿಥಿಗೆ ಇಕ್ಕೋಷ್ಟು ಗತಿಗೆಟ್ಟೋಳಲ್ಲ ನಾನು. ಎಷ್ಟು ಬೇಕೋ ಅಷ್ಟುಂಡು ಎದ್ದೋಗ್ತಾನೆ."

ಮನೆಯೊಡತಿ ಅತಿಥಿಯ ಜೊತೆ ಕೂತು ಉಣ್ಣೋದೇ! ಮುನಿಲಕ್ಷ್ಮಮ್ಮ ಬಾಯಿ ತೆರೆದಳು, ಆದರೆ ಅವಳ ಕೈಯಲ್ಲಿ ಇನ್ನೂ ಮುದ್ದೆಯ ತಟ್ಟೆ ಇತ್ತು, ಏನು ಹೇಳಿಯಾಳು? ಬೇರೆ ಯಾವ ಮನೆಯಲ್ಲಿ ಇದು ಆಗೋ ಮಾತು? ಅತ್ತೆ ಇದ್ದಾಳೆ, ಗಂಡ ಇದ್ದಾನೆ, ಮೈದುನ ಇದ್ದಾನೆ. ಯಾರೂ ಇಲ್ಲದ ಮನೆ ಊರಲ್ಲಿ ಒಂದೇ. ಚನ್ನಕೇಶವ ಹುಡುಗನಿಗೆ ವಿವರಿಸಿ ಹೇಳಿದ. ವೆಂಕಪ್ಪ ಎದ್ದು ನಿಂತು, ತುಪ್ಪದ ಕೈಯಲ್ಲೇ ಹನುಮಕ್ಕನ ಕಡೆ ತೋರಿಸಿದ. ತಿಮ್ಮಯ್ಯ ಮೀಸೆಗೆ ಹೋದ ಕೈ ಇಳಿಸಿ, "ಹೋಗ್ಲಿ ಬಿಡಿ, ಸ್ಕೂಲು ಮುಗಿಯೋವರ್ಗೂ ಅಲ್ಲೇ ಇರ್ಲಿ. ಹನುಮಕ್ಕನ ನೆಂಟ ಅವನು," ಅಂದ. ಯಜಮಾನನ ಬಾಯಿಂದ ಹಾಗೆ ಬಂದದ್ದು ಎಲ್ಲರಿಗೂ ಕೇಳಿಸಿತು.

ಸಂಜೆ ಹನುಮಕ್ಕ ದೀಪ ಹಚ್ಚಿ, ಎದುರುಬದುರು ಎರಡು ತಟ್ಟೆ ಇಟ್ಟಳು. ಅಷ್ಟು ಜನರೆದುರು ಮಾತಾಡಿ ಗೆದ್ದುಬಂದವಳಿಗೆ ಈಗ ನಾಚಿಕೆ ಶುರುವಾಯಿತು. ಅತ್ತೆಯ ಕಾಲದಿಂದ ಅವಳು ಉಂಡದ್ದೆಲ್ಲ ಒಲೆ ಮುಂದೆ, ಗೋಡೆಗೆ ಮುಖ ಮಾಡಿ, ಉಳಿದದ್ದನ್ನ. ಗಂಡ ಹೋದ ಮೇಲಂತೂ ತಟ್ಟೆಯೂ ಬೇಡ, ಮಡಿಕೆಯಲ್ಲೇ ಕೈ ಹಾಕಿ ಮುಗಿಸಿದ ದಿನಗಳೇ ಹೆಚ್ಚು. ಎದುರಿಗೆ ಒಂದು ಮುಖ ಇಟ್ಟುಕೊಂಡು ನುಂಗೋದು ಹೇಗೆ ಅನ್ನೋದೇ ಮರೆತಿತ್ತು. ಅವನಿಗೊಂದು ಮುದ್ದೆ, ತನಗೊಂದು ಪುಟ್ಟದು ಇಟ್ಟು, ಸಾರು ಬಿಟ್ಟು, ಕೂತು, ಬೇಗ ತುಂಡು ಮುರಿದು ಕೈ ಎಂಜಲು ಮಾಡಿಕೊಂಡಳು. ತಡ ಮಾಡಿದರೆ ಆ ಕೈಯನ್ನ ನಂಬೋ ಹಾಗಿರಲಿಲ್ಲ.

ವೆಂಕಪ್ಪ ನಿಧಾನವಾಗಿ ಉಂಡ. ತಟ್ಟೆ ಖಾಲಿಯಾಯಿತು. ಹನುಮಕ್ಕನ ಬೆರಳುಗಳು ಸೌಟಿನ ಕಡೆ ಹೊರಟವು. "ಸುಮ್ನಿರು ಮುಂಡೇದೆ," ಅಂತ ತನ್ನ ಕೈಗೇ ಬೈದುಕೊಂಡಳು. ಅವನು ಖಾಲಿ ತಟ್ಟೆಯನ್ನ ಒಂದು ಗಳಿಗೆ ನೋಡಿದ, ಯಾರೂ ಏನೂ ಹಾಕಲಿಲ್ಲ. ವಾರದಲ್ಲಿ ಮೊದಲ ಸಲ ನೆಮ್ಮದಿಯಾಗಿ ಉಸಿರು ಬಿಟ್ಟು, ಎದ್ದು ಹೊರಗೆ ಹೋಗಿ ಕೈ ತೊಳೆದ. ಕೋಣೆಗೆ ಹೋಗಿ ಮಲಗ್ತಾನೆ ಅಂತ ಅವಳು ಅಂದುಕೊಂಡಳು. ಅವನು ವಾಪಸ್ಸು ಬಂದು ಎದುರಿಗೇ ಕೂತ. ಅವರ ಮನೆಯಲ್ಲಿ ಎಲ್ಲರೂ ಮುಗಿಸೋವರೆಗೂ ಕೂರಬೇಕೇನೋ.

ಹನುಮಕ್ಕನ ತಟ್ಟೆಯಲ್ಲಿ ಸಾರು ಮುಗಿದಿತ್ತು, ಅರ್ಧ ಮುದ್ದೆ ಹಾಗೇ ಇತ್ತು. ಕೈ ಎಂಜಲು, ಹಾಕಿಕೊಳ್ಳೋ ಹಾಗಿಲ್ಲ. ಹೀಗೂ ಆಗುತ್ತೆ ಅಂತ ಅವಳು ಯೋಚಿಸಿಯೇ ಇರಲಿಲ್ಲ. ಒಣಮುದ್ದೆಯನ್ನೇ ನುಂಗೋಣ ಅಂತ ಮುರಿದಳು. ಅಷ್ಟರಲ್ಲಿ ವೆಂಕಪ್ಪ ಮಡಿಕೆ ಹತ್ತಿರಕ್ಕೆ ಎಳೆದುಕೊಂಡು, ತೊಳೆದ ಕೈಯಲ್ಲಿ ಸೌಟು ಹಿಡಿದು, ಚೆಲ್ಲದ ಹಾಗೆ ನಾಲಿಗೆ ಕಚ್ಚಿಕೊಂಡು, ಅವಳ ತಟ್ಟೆಗೆ ಸಾರು ಬಿಟ್ಟ.

ಹನುಮಕ್ಕನಿಗೆ ಯಾರಾದರೂ ಬಡಿಸಿ ಎಷ್ಟು ಕಾಲವಾಗಿತ್ತು? ಮದುವೆಯಾದ ಹೊಸದರಲ್ಲಿ ಕೆಂಗೇರಿಯ ತವರಿಗೆ ಹೋದಾಗ ಅವ್ವ ಬಡಿಸಿದ್ದಳು, ಅದೇ ಕೊನೆ. ಅತ್ತೆಗೆ, ಗಂಡನಿಗೆ, ಈಗ ಅತಿಥಿಗೆ ಬಡಿಸಿದ ಕೈ ಅದು, ಆ ಕೈಯ ಹೆಂಗಸಿಗೂ ಹೊಟ್ಟೆ ಇದೆ ಅಂತ ಯಾರಿಗೂ ಹೊಳೆದಿರಲಿಲ್ಲ. ಅವಳಿಗೂ ಮರೆತೇಹೋಗಿತ್ತು. ಬೈಯೋಣ ಅಂತ ಬಾಯಿ ತೆರೆದಳು, ಬೈಗುಳದ ಬದಲು ಅಳು ಬಂತು. ಎಂಜಲು ಕೈಯಲ್ಲಿ ಕಣ್ಣೊರೆಸೋಕಾಗದೆ ಹಾಗೇ ಅತ್ತಳು.

ಹುಡುಗ ಗಾಬರಿಯಾದ. ತಟ್ಟೆ ನೋಡಿದ, ಅವಳ ಮುಖ ನೋಡಿದ. ಸಾಲಲಿಲ್ಲವೇನೋ ಅಂತ ಅವಸರದಲ್ಲಿ ಇನ್ನೊಂದು ಸೌಟು ಸುರಿದ. ಹನುಮಕ್ಕ ಬೇಡ ಅನ್ನಲಿಲ್ಲ, ಅಳುತ್ತಲೇ ಉಂಡಳು.